ವಿಮ್‌ನಲ್ಲಿ ಬೇಗ ಸೆಲೆಕ್ಟ್ ಮಾಡಲು ಯಾವ ದಾರಿ ಹಿಡಿಯಬೇಕು?

ವಿಮ್ ಅಂದರೆ ಮೌಸ್ ಇಲ್ಲದೆ ಕೀಗಳಿಂದಲೇ ನಡೆಸುವ ಟೆಕ್ಸ್ಟ್ ಎಡಿಟರ್. ಅದನ್ನು ಕಲಿಯಲು ಶುರು ಮಾಡಿದವರು ಫೈಲಿನಲ್ಲಿ ಓಡಾಡುವುದನ್ನು ಬೇಗ ಕಲಿಯುತ್ತಾರೆ. ಅಳಿಸುವುದು, ಅಂಟಿಸುವುದು ಕೂಡ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಸೆಲೆಕ್ಟ್ ಮಾಡುವಾಗ ಮಾತ್ರ ಸೆಲೆಕ್ಷನ್ ಶುರು ಮಾಡುವ ವಿ ಕೀ ಒತ್ತಿ, ಆಮೇಲೆ ಬಲಕ್ಕೆ ಸರಿಸುವ ಎಲ್, ಎಲ್, ಎಲ್ ಅಂತ ಒಂದೊಂದೇ ಅಕ್ಷರ ದಾಟುತ್ತಾ ಕೂರುತ್ತಾರೆ. ಒಂದು ಅಕ್ಷರ ಜಾಸ್ತಿ ಹೋಯ್ತು ಅಂತ ಹಿಂದೆ ಬರುತ್ತಾರೆ. ಕೊನೆಗೆ ಬೇಜಾರಾಗಿ ಮೌಸ್ ಹಿಡಿಯುತ್ತಾರೆ.

ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್‌ಗಳಿಗೆ ಪೀಸ್ ಲೆಕ್ಕದ ಸಾಫ್ಟ್‌ವೇರ್, ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಿಗೆ ತೂಕದ ಚೀಟಿ, ಬಿಲ್ಲು ಇಂಥವೇ ನನ್ನ ಕೆಲಸ. ಜೊತೆಗೆ ಕೆಲಸ ಮಾಡುವ ಹುಡುಗರು, ಕಾಲೇಜಿನಿಂದ ಇಂಟರ್ನ್‌ಶಿಪ್‌ಗೆ ಬರುವವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಅಣ್ಣ, ಸೆಲೆಕ್ಟ್ ಮಾಡೋಕೆ ಯಾವ ಪ್ಲಗಿನ್ ಹಾಕ್ಕೊಳ್ಳಲಿ?’ (ಪ್ಲಗಿನ್ ಅಂದರೆ ಎಡಿಟರಿಗೆ ಹೊರಗಿನಿಂದ ಸೇರಿಸುವ ಪುಟ್ಟ ಪ್ರೋಗ್ರಾಂ.) ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ಲಗಿನ್ ಹಾಕುವ ಮುಂಚೆ ವಿಮ್‌ನಲ್ಲೇ ಇರುವ ಟೆಕ್ಸ್ಟ್ ಆಬ್ಜೆಕ್ಟ್‌ಗಳನ್ನು, ಅಂದರೆ ಪದ, ಕೋಟ್, ಬ್ರಾಕೆಟ್ ಇಂಥ ತುಂಡನ್ನು ಒಟ್ಟಿಗೆ ಹಿಡಿಯುವ ಕೀಗಳನ್ನು ಕಲಿಯಿರಿ. ಆಮೇಲೆ ಒಂದು, ಹೆಚ್ಚೆಂದರೆ ಎರಡು ಪ್ಲಗಿನ್ ಸಾಕು. ಯಾವುದು ಅನ್ನೋದು ನೀವು ದಿನಾ ತೆರೆಯುವ ಫೈಲಿನ ಮೇಲೆ ಹೋಗುತ್ತದೆ.

ಕೀಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ. ‘ವಿ-ಐ-ಡಬ್ಲ್ಯೂ’ ಅಂದರೆ ಆ ಮೂರು ಕೀಗಳನ್ನು ಒಂದರ ಹಿಂದೆ ಒಂದು ಒತ್ತುವುದು. ‘ದೊಡ್ಡ ಎಸ್’ ಅಂದರೆ ಶಿಫ್ಟ್ ಹಿಡಿದು ಎಸ್.

ಮೊದಲು, ವಿಮ್‌ನಲ್ಲೇ ಇರುವುದು

ಈ ಒಂದು ಸಾಲನ್ನು ಇಟ್ಟುಕೊಂಡೇ ಎಲ್ಲವನ್ನೂ ಹೋಲಿಸೋಣ. ಪೈಥಾನ್‌ನಲ್ಲಿ ಹೆಸರುಗಳನ್ನು ಕನ್ನಡದಲ್ಲೂ ಇಡಬಹುದು, ಹಾಗಾಗಿ ಇದು ನಿಜವಾಗಿಯೂ ನಡೆಯುವ ಕೋಡೇ:

ಬಿಲ್("ಸೋನಾ ಮಸೂರಿ", ತೂಕ(ಲಾರಿ, ಚೀಲ), ದರ)

ಕರ್ಸರ್ ‘ಲಾರಿ’ ಮೇಲಿದೆ ಅಂತಿಟ್ಟುಕೊಳ್ಳಿ. ವಿ-ಐ-ಡಬ್ಲ್ಯೂ ಒತ್ತಿದರೆ ‘ಲಾರಿ’ ಅನ್ನುವ ಪದ ಪೂರ್ತಿ ಸೆಲೆಕ್ಟ್ ಆಗುತ್ತದೆ. ಕರ್ಸರ್ ಪದದ ಮೊದಲಲ್ಲಿದೆಯೋ ನಡುವೆ ಇದೆಯೋ ಅನ್ನುವ ಯೋಚನೆ ಬೇಡ. ವಿ-ಐ ಆದ ಮೇಲೆ ಬ್ರಾಕೆಟ್ ಒತ್ತಿದರೆ ‘ಲಾರಿ, ಚೀಲ’ ಬರುತ್ತದೆ. ಐ ಬದಲು ಎ ಒತ್ತಿದರೆ ಬ್ರಾಕೆಟ್ಟುಗಳೂ ಸೇರುತ್ತವೆ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಮುಂದಿನದು. ಸೆಲೆಕ್ಷನ್ ಬಿಡದೆ ಮತ್ತೊಮ್ಮೆ ಐ ಮತ್ತು ಬ್ರಾಕೆಟ್ ಒತ್ತಿ. ಅದು ಹೊರಗಿನ ಬ್ರಾಕೆಟ್ಟಿಗೆ ಹಿಗ್ಗುತ್ತದೆ, ‘ಸೋನಾ ಮಸೂರಿ’ಯಿಂದ ‘ದರ’ದವರೆಗೆ ಎಲ್ಲವೂ ಒಳಗೆ ಬರುತ್ತದೆ. ಯಾವ ಪ್ಲಗಿನ್ನೂ ಇಲ್ಲದೆ ಹಂತ ಹಂತವಾಗಿ ಹಿಗ್ಗಿಸುವ ಸೌಲಭ್ಯ ವಿಮ್‌ನಲ್ಲೇ ಇದೆ. ಎಚ್‌ಟಿಎಂಎಲ್ ಬರೆಯುವವರಿಗೆ ವಿ-ಎ-ಟಿ ಹೀಗೆಯೇ ಕೆಲಸ ಮಾಡುತ್ತದೆ, ಮತ್ತೆ ಮತ್ತೆ ಎ-ಟಿ ಒತ್ತಿದಷ್ಟೂ ಹೊರಗಿನ ಟ್ಯಾಗ್‌ಗೆ ಹೋಗುತ್ತದೆ.

ಇನ್ನೂ ಎರಡು ಕೀ ಇದರ ಜೊತೆಗೇ ಕಲಿಯಿರಿ. ಸೆಲೆಕ್ಟ್ ಆಗಿರುವಾಗ ಓ ಒತ್ತಿದರೆ ಕರ್ಸರ್ ಇನ್ನೊಂದು ತುದಿಗೆ ಹಾರುತ್ತದೆ, ಆ ಕಡೆಯಿಂದಲೂ ಸರಿ ಮಾಡಬಹುದು. ಜಿ-ವಿ ಒತ್ತಿದರೆ ಹಿಂದೆ ಸೆಲೆಕ್ಟ್ ಮಾಡಿದ್ದು ಮತ್ತೆ ಬರುತ್ತದೆ.

ಕೋಟ್‌ಗಳ ವಿಷಯದಲ್ಲಿ ವಿಮ್ ಸ್ವಲ್ಪ ಬೇರೆ ಥರ ನಡೆದುಕೊಳ್ಳುತ್ತದೆ. ಕರ್ಸರ್ ಕೋಟ್‌ನ ಒಳಗೆ ಇಲ್ಲದಿದ್ದರೂ ಅದೇ ಸಾಲಿನಲ್ಲಿ ಮುಂದೆ ಇರುವ ಕೋಟನ್ನು ತಾನೇ ಹುಡುಕಿಕೊಳ್ಳುತ್ತದೆ. ಸಾಲಿನ ಶುರುವಿನಲ್ಲಿ ನಿಂತು ವಿ-ಐ-ಕೋಟ್ ಒತ್ತಿದರೂ ‘ಸೋನಾ ಮಸೂರಿ’ ಸಿಗುತ್ತದೆ. ಆದರೆ ಒಂದು ಸಾಲು ದಾಟುವುದಿಲ್ಲ. ಬ್ರಾಕೆಟ್‌ಗಳು ಇದಕ್ಕೆ ಉಲ್ಟಾ. ಎಷ್ಟು ಸಾಲು ಬೇಕಾದರೂ ದಾಟುತ್ತವೆ, ಆದರೆ ಕರ್ಸರ್ ಒಳಗೇ ಇರಬೇಕು. ಈ ಕೊರತೆಯನ್ನು ತುಂಬಲಿಕ್ಕೇ ಕೆಲವು ಪ್ಲಗಿನ್ ಬಂದಿವೆ, ಮುಂದೆ ಹೇಳುತ್ತೇನೆ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಬಹಳಷ್ಟು ಸಲ ಸೆಲೆಕ್ಟ್ ಮಾಡುವ ಅಗತ್ಯವೇ ಇರುವುದಿಲ್ಲ. ಬ್ರಾಕೆಟ್ ಒಳಗಿನದನ್ನು ಬದಲಿಸಬೇಕು ಅಂದರೆ ವಿ-ಐ-ಬ್ರಾಕೆಟ್ ಒತ್ತಿ ಆಮೇಲೆ ‘ಬದಲಿಸು’ ಅನ್ನುವ ಸಿ ಒತ್ತುವ ಬದಲು ನೇರವಾಗಿ ಸಿ-ಐ-ಬ್ರಾಕೆಟ್ ಒತ್ತಿ. ಒಂದು ಕೀ ಉಳಿಯಿತು ಅನ್ನೋದು ಸಣ್ಣ ವಿಷಯ. ದೊಡ್ಡ ವ್ಯತ್ಯಾಸ ಗೊತ್ತಾಗೋದು ಚುಕ್ಕಿ ಒತ್ತಿ ಅದೇ ಕೆಲಸವನ್ನು ಮುಂದಿನ ಸಾಲಿನಲ್ಲಿ ಮಾಡಿಸುವಾಗ. ಮುಂದಿನ ಸಾಲಿನಲ್ಲಿ ತೂಕ(ಟ್ರ್ಯಾಕ್ಟರ್, ಚೀಲ) ಅಂತ ಇದೆ ಅನ್ನಿ. ಸಿ-ಐ-ಬ್ರಾಕೆಟ್ ಬಳಸಿದ್ದರೆ ಚುಕ್ಕಿಗೆ ‘ಬ್ರಾಕೆಟ್ ಒಳಗಿನದು’ ಅನ್ನೋದು ನೆನಪಿರುತ್ತದೆ, ಪೂರ್ತಿ ಬದಲಾಗುತ್ತದೆ. ಸೆಲೆಕ್ಟ್ ಮಾಡಿ ಬದಲಿಸಿದ್ದರೆ ಅದಕ್ಕೆ ನೆನಪಿರುವುದು ಅಳತೆ ಮಾತ್ರ. ಕರ್ಸರ್ ಇರುವ ಕಡೆಯಿಂದ ಹಿಂದಿನಷ್ಟೇ ಉದ್ದ ತೆಗೆಯುತ್ತದೆ, ಮಿಕ್ಕಿದ ತುಂಡು ಅಲ್ಲೇ ಉಳಿಯುತ್ತದೆ. ಬಿಲ್ಲಿನ ಫೈಲಿನಲ್ಲಿ ಒಂದೇ ಥರದ ಸಾಲು ಹತ್ತಾರು ಇರುತ್ತವೆ, ಅಲ್ವಾ? ಅಲ್ಲಿ ಇದು ಗಂಟೆಗಳ ವ್ಯತ್ಯಾಸ ಮಾಡುತ್ತದೆ.

ಹಾಗಾದರೆ ಸೆಲೆಕ್ಷನ್ ಯಾವಾಗ ಬೇಕು? ಎಷ್ಟು ದೂರದವರೆಗೆ ಅಂತ ಕಣ್ಣಾರೆ ನೋಡಿ ತೀರ್ಮಾನಿಸಬೇಕಾದಾಗ. ಕೆಳಗಿನ ಹೋಲಿಕೆ ಎಲ್ಲ ಅಂಥ ಸಂದರ್ಭಕ್ಕೆ.

ಹಿಗ್ಗಿಸುವ ಪ್ಲಗಿನ್‌ಗಳು

ಒಂದು ಕೀ ಒತ್ತಿದರೆ ಸೆಲೆಕ್ಷನ್ ದೊಡ್ಡದಾಗಬೇಕು, ಇನ್ನೊಂದು ಒತ್ತಿದರೆ ಚಿಕ್ಕದಾಗಬೇಕು. ಜೆಟ್‌ಬ್ರೇನ್ಸ್ ಎಡಿಟರ್‌ಗಳಲ್ಲಿ ಕಂಟ್ರೋಲ್-ಡಬ್ಲ್ಯೂ ಒತ್ತಿ ರೂಢಿಯಾದವರು ವಿಮ್‌ಗೆ ಬಂದ ತಕ್ಷಣ ಇದನ್ನೇ ಹುಡುಕುತ್ತಾರೆ. ಇಲ್ಲಿ ಮುಖ್ಯವಾಗಿ ಎರಡು ಆಯ್ಕೆ.

ಮೊದಲನೆಯದು ವಿಮ್-ಎಕ್ಸ್‌ಪಾಂಡ್-ರೀಜನ್. ಪ್ಲಸ್ ಒತ್ತಿದರೆ ಹಿಗ್ಗುತ್ತದೆ, ಅಂಡರ್‌ಸ್ಕೋರ್ ಒತ್ತಿದರೆ ಕುಗ್ಗುತ್ತದೆ. ಪ್ಲಸ್ ಕೀಗೆ ವಿಮ್‌ನಲ್ಲಿ ಇದ್ದ ಹಳೆಯ ಕೆಲಸವನ್ನು ಎಂಟರ್ ಕೀ ಕೂಡ ಮಾಡುತ್ತದೆ, ಹಾಗಾಗಿ ಕಳೆದುಕೊಳ್ಳುವುದು ಏನೂ ಇಲ್ಲ. ಈ ಪ್ಲಗಿನ್‌ಗೆ ನಿಮ್ಮ ಭಾಷೆಯ ವ್ಯಾಕರಣ ಗೊತ್ತಿಲ್ಲ. ಪದ, ಕೋಟ್, ಬ್ರಾಕೆಟ್, ಪ್ಯಾರಾ ಇಂಥ ಟೆಕ್ಸ್ಟ್ ಆಬ್ಜೆಕ್ಟ್‌ಗಳನ್ನೆಲ್ಲ ಒಮ್ಮೆ ಪ್ರಯತ್ನಿಸಿ, ಉದ್ದದ ಪ್ರಕಾರ ಸಾಲಾಗಿ ನಿಲ್ಲಿಸಿ, ಒಂದೊಂದಾಗಿ ತೋರಿಸುತ್ತದೆ. ಇದೇ ಅದರ ಬಲ. ಪೈಥಾನ್, ಪಿಎಚ್‌ಪಿ, ಎಸ್‌ಕ್ಯೂಎಲ್, ಸುಮ್ನೆ ಬರೆದ ನೋಟ್ಸ್ ಏನೇ ಇರಲಿ, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡದೆ ಓಡುತ್ತದೆ.

ತೊಂದರೆಯೂ ಅದರಲ್ಲೇ ಇದೆ. ಖಾಲಿ ಜಾಗದಿಂದ ಖಾಲಿ ಜಾಗದವರೆಗಿನ ತುಂಡನ್ನೂ ಅದು ಒಂದು ಹಂತ ಅಂತ ಲೆಕ್ಕಕ್ಕೆ ತಗೊಳ್ಳುತ್ತದೆ. ನಮ್ಮ ಸಾಲಿನಲ್ಲಿ ‘ಲಾರಿ’ ಮೇಲೆ ನಿಂತರೆ ಅಂಥ ತುಂಡು ಅಂದರೆ ‘ತೂಕ(ಲಾರಿ,’ ಅಷ್ಟೇ. ಬ್ರಾಕೆಟ್ ತೆರೆದಿದೆ, ಮುಚ್ಚಿಲ್ಲ. ಅದನ್ನು ಯಾರೂ ಸೆಲೆಕ್ಟ್ ಮಾಡಲು ಬಯಸುವುದಿಲ್ಲ. ಪಟ್ಟಿಯಿಂದ ಆ ಒಂದನ್ನು ತೆಗೆದುಹಾಕಲು ಸೆಟ್ಟಿಂಗ್ ಇದೆ. ಮೊದಲ ದಿನವೇ ತೆಗೆದುಹಾಕಿ ಅಂತ ನನ್ನ ಸಲಹೆ.

ಎರಡನೆಯದು ಟ್ರೀ-ಸಿಟರ್ ದಾರಿ, ವಿಮ್‌ನಿಂದಲೇ ಕವಲೊಡೆದ ಎಡಿಟರ್ ನಿಯೋವಿಮ್ ಇದ್ದವರಿಗೆ. ಟ್ರೀ-ಸಿಟರ್ ಹುಟ್ಟಿದ್ದು ಆಟಮ್ ಎಡಿಟರ್‌ಗಾಗಿ. ನಿಯೋವಿಮ್‌ಗೆ ಅದು ಬಂದಿದ್ದು 2021ರ 0.5 ಆವೃತ್ತಿಯಲ್ಲಿ. ಇದು ಕೋಡನ್ನು ನಿಜವಾಗಿ ಓದಿ, ಯಾವುದು ಫಂಕ್ಷನ್, ಯಾವುದು ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಬ್ರಾಕೆಟ್ ಒಳಗೆ ಕೊಡುವ ಬೆಲೆ) ಅಂತ ಮರದ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಹಿಗ್ಗಿಸುವುದು ಅಂದರೆ ಆ ಮರದಲ್ಲಿ ಒಂದೊಂದೇ ಕೊಂಬೆ ಕೆಳಗಿಳಿದು ಬುಡದ ಕಡೆ ಬರುವುದು.

ಅದೇ ಸಾಲಿನಲ್ಲಿ ನೋಡಿ. ಮೊದಲು ‘ಲಾರಿ’. ಆಮೇಲೆ ‘(ಲಾರಿ, ಚೀಲ)’, ಬ್ರಾಕೆಟ್ ಸಮೇತ. ಆಮೇಲೆ ‘ತೂಕ(ಲಾರಿ, ಚೀಲ)’. ಆಮೇಲೆ ಹೊರಗಿನ ಬ್ರಾಕೆಟ್ ಪೂರ್ತಿ. ಆಮೇಲೆ ಬಿಲ್ ಕರೆಯುವ ಇಡೀ ಸಾಲು. ಅರ್ಧ ತುಂಡು ಎಲ್ಲೂ ಬರುವುದಿಲ್ಲ, ಅದೇ ಖುಷಿ. ‘ತೂಕ(ಲಾರಿ, ಚೀಲ)’ ಅನ್ನುವ ಪೂರ್ತಿ ಕರೆ ಒಂದು ಹಂತವಾಗಿ ಬಂತು ನೋಡಿ, ವಿಮ್‌ನ ಸ್ವಂತ ಟೆಕ್ಸ್ಟ್ ಆಬ್ಜೆಕ್ಟ್‌ಗಳಿಂದ ಇದು ಒಂದೇ ಏಟಿಗೆ ಸಿಗುವುದಿಲ್ಲ. ಆದರೆ ಬ್ರಾಕೆಟ್ ಬಿಟ್ಟು ಬರೀ ‘ಲಾರಿ, ಚೀಲ’ ಬೇಕು ಅಂದರೆ ಇಲ್ಲಿ ಸಿಗುವುದಿಲ್ಲ. ಮರದಲ್ಲಿ ಹಾಗೊಂದು ಕೊಂಬೆಯೇ ಇಲ್ಲ. ಅದಕ್ಕೆ ವಿ-ಐ-ಬ್ರಾಕೆಟ್ಟೇ ಗತಿ.

ಇದನ್ನು ಹಾಕಿಕೊಳ್ಳುವ ಮುಂಚೆ ಎರಡು ವಿಷಯ ಗಮನಿಸಿ. ಒಂದೊಂದು ಭಾಷೆಗೂ ಒಂದೊಂದು ಪಾರ್ಸರ್ (ಆ ಭಾಷೆಯ ಕೋಡ್ ಓದುವ ಭಾಗ) ಬೇಕು, ಅದನ್ನು ನಿಮ್ಮ ಕಂಪ್ಯೂಟರಿನಲ್ಲೇ ಕಟ್ಟಲು ಸಿ ಭಾಷೆಯ ಕಂಪೈಲರ್ ಇರಬೇಕು. ಲಿನಕ್ಸ್‌ನಲ್ಲಿ ಇದು ದೊಡ್ಡ ಕೆಲಸವಲ್ಲ. ವಿಂಡೋಸ್‌ನಲ್ಲಿ ಹೊಸಬರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡನೆಯದು, ಎನ್‌ವಿಮ್-ಟ್ರೀಸಿಟರ್ ಪ್ಲಗಿನ್ನನ್ನು ಹೊಸದಾಗಿ ಬರೆದಿದ್ದಾರೆ, ಹೊಸ ರೂಪದಲ್ಲಿ ಈ ಹಿಗ್ಗಿಸುವ ಭಾಗವನ್ನು ಕೈಬಿಟ್ಟಿದ್ದಾರೆ. ಹಳೆಯ ವಿಡಿಯೋ ನೋಡಿ ಜಿ-ಎನ್-ಎನ್ ಕೀಗಳ ಸೆಟ್ಟಿಂಗ್ ಕಾಪಿ ಮಾಡಿದರೆ ಅದು ಕೆಲಸ ಮಾಡುವುದಿಲ್ಲ. ತಪ್ಪು ನಿಮ್ಮದಲ್ಲ. ಹೊಸದಾಗಿ ಶುರು ಮಾಡುವವರು ಫ್ಲ್ಯಾಶ್ ಅನ್ನುವ ಪ್ಲಗಿನ್ ನೋಡಿ. ಅದು ಹೇಳಿಕೊಡುವ ಕೀ ದೊಡ್ಡ ಎಸ್. ಅದನ್ನು ಒತ್ತಿದರೆ ಕರ್ಸರ್ ಸುತ್ತ ಇರುವ ಹಂತಗಳಿಗೆಲ್ಲ ಒಂದೊಂದು ಅಕ್ಷರದ ಗುರುತು ಅಂಟುತ್ತದೆ. ಬೇಕಾದ ಹಂತದ ಅಕ್ಷರ ಒತ್ತಿದರೆ ಅಷ್ಟೂ ಒಟ್ಟಿಗೆ ಸೆಲೆಕ್ಟ್ ಆಗುತ್ತದೆ. ನಾಲ್ಕು ಸಲ ಹಿಗ್ಗಿಸುವ ಕಡೆ ಎರಡೇ ಕೀ. ನನಗೆ ಇದೇ ಹೆಚ್ಚು ಇಷ್ಟ, ಏಕೆಂದರೆ ಕಣ್ಣು ಎಲ್ಲಿ ನೋಡುತ್ತಿದೆಯೋ ಅಲ್ಲೇ ಉತ್ತರ ಇರುತ್ತದೆ.

ಆರ್ಗ್ಯುಮೆಂಟ್ ಹಿಡಿಯುವುದು: ಟಾರ್ಗೆಟ್ಸ್ ಅಥವಾ ಮಿನಿ-ಎಐ

ಒಂದೇ ಒಂದು ಪ್ಲಗಿನ್ ಹಾಕಬಹುದು ಅಂದರೆ ನಾನು ಆರಿಸುವುದು ಈ ಗುಂಪಿನಿಂದ. ಟಾರ್ಗೆಟ್ಸ್ ವಿಮ್ ಮತ್ತು ನಿಯೋವಿಮ್ ಎರಡರಲ್ಲೂ ಓಡುತ್ತದೆ. ಮಿನಿ-ಎಐ ನಿಯೋವಿಮ್‌ಗೆ ಮಾತ್ರ. ಹೆಸರಿನಲ್ಲಿ ಎಐ ಇದ್ದರೂ ಅದಕ್ಕೂ ಕೃತಕ ಬುದ್ಧಿಮತ್ತೆಗೂ ಸಂಬಂಧವಿಲ್ಲ. ಎ ಮತ್ತು ಐ ಅನ್ನುವ ಎರಡು ಕೀಗಳ ಹೆಸರು ಅದು.

ಇವೆರಡೂ ಕೊಡುವ ದೊಡ್ಡ ಲಾಭ ಆರ್ಗ್ಯುಮೆಂಟ್. ‘ಚೀಲ’ ಮೇಲೆ ನಿಂತು ವಿ-ಎ-ಎ ಒತ್ತಿದರೆ ಅದರ ಕಾಮಾ ಸಮೇತ ಸೆಲೆಕ್ಟ್ ಆಗುತ್ತದೆ. ಡಿ-ಎ-ಎ ಒತ್ತಿದರೆ ಆ ಆರ್ಗ್ಯುಮೆಂಟ್ ಹೋಗಿ ‘ತೂಕ(ಲಾರಿ)’ ಅಂತ ಸ್ವಚ್ಛವಾಗಿ ಉಳಿಯುತ್ತದೆ, ಕಾಮಾ ತೆಗೆಯುವ ಕೆಲಸ ಬೇರೆ ಇರುವುದಿಲ್ಲ. ಎರಡನೇ ಲಾಭ ಆಗಲೇ ಹೇಳಿದ ಕೊರತೆಗೆ ಮದ್ದು. ಕರ್ಸರ್ ಬ್ರಾಕೆಟ್ ಒಳಗೆ ಇಲ್ಲದಿದ್ದರೆ ಮುಂದಿನ ಬ್ರಾಕೆಟ್ಟನ್ನು ಇವು ತಾವೇ ಹುಡುಕುತ್ತವೆ. ‘ಮುಂದಿನದೇ ಬೇಕು’ ಅಂತ ಖಚಿತವಾಗಿ ಹೇಳಬೇಕಾದರೆ ನಡುವೆ ಎನ್ ಸೇರಿಸಿ, ‘ಹಿಂದಿನದು’ ಅನ್ನಲು ಎಲ್. ಸಿ-ಐ-ಎನ್-ಬ್ರಾಕೆಟ್ ಅಂದರೆ ಮುಂದಿನ ಬ್ರಾಕೆಟ್ ಒಳಗಿನದನ್ನು ಬದಲಿಸು.

ಎರಡರಲ್ಲಿ ಯಾವುದು? ಹಳೆಯ ವಿಮ್ ಇರುವ ಸರ್ವರ್‌ಗಳಲ್ಲೂ ಕೂತು ಕೆಲಸ ಮಾಡುವವರಾದರೆ ಟಾರ್ಗೆಟ್ಸ್. ಒಂದೇ ಲ್ಯಾಪ್‌ಟಾಪಿನಲ್ಲಿ ನಿಯೋವಿಮ್ ಬಳಸುವವರಾದರೆ ಮಿನಿ-ಎಐ. ಅದರಲ್ಲಿ ಫಂಕ್ಷನ್ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿದ್ದರೆ ವಿ-ಎ-ಎಫ್ ಒತ್ತಿ ಹೆಸರು, ಬ್ರಾಕೆಟ್ ಸೇರಿ ಕರೆ ಪೂರ್ತಿ ಹಿಡಿಯಬಹುದು. ಟ್ರೀ-ಸಿಟರ್ ಇಲ್ಲದೆಯೇ ಆ ಹಂತ ದಕ್ಕಿತು. ಕಂಪೈಲರ್ ತಾಪತ್ರಯ ಬೇಡ ಅನ್ನುವವರಿಗೆ ಇದು ಒಳ್ಳೆಯ ನಡುದಾರಿ.

ಪೈಥಾನ್ ಜಾಸ್ತಿ ಬರೆಯುವವರಿಗೆ ವಿಮ್-ಇಂಡೆಂಟ್-ಆಬ್ಜೆಕ್ಟ್ ಅನ್ನುವ ಪುಟ್ಟ ಪ್ಲಗಿನ್ ಕೂಡ ಇದೆ. ಪೈಥಾನ್‌ನಲ್ಲಿ ಬ್ಲಾಕ್‌ಗೆ ಬ್ರಾಕೆಟ್ ಇಲ್ಲ. ವಿ-ಐ-ಐ ಒತ್ತಿದರೆ ಒಂದೇ ಇಂಡೆಂಟ್‌ನ ಸಾಲುಗಳು, ವಿ-ಎ-ಐ ಒತ್ತಿದರೆ ಮೇಲಿನ ತಲೆಸಾಲೂ ಸೇರಿ ಬರುತ್ತದೆ.

ಒಂದೇ ಪದ ಹತ್ತು ಕಡೆ ಇದ್ದರೆ ವಿಮ್-ವಿಷುವಲ್-ಮಲ್ಟಿ ಇದೆ. ಕಂಟ್ರೋಲ್-ಎನ್ ಒತ್ತುತ್ತಾ ಹೋದರೆ ಒಂದೊಂದು ಕಡೆಯೂ ಒಂದೊಂದು ಕರ್ಸರ್ ಸೇರುತ್ತದೆ, ಕ್ಯೂ ಒತ್ತಿದರೆ ಬೇಡದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೆ ನಾನು ಇದನ್ನು ಹೊಸಬರಿಗೆ ಹೇಳುವುದಿಲ್ಲ. ಪದದ ಮೇಲೆ ನಿಂತು ಸ್ಟಾರ್ ಒತ್ತಿ, ಸಿ-ಜಿ-ಎನ್ ಒತ್ತಿ ಹೊಸ ಪದ ಬರೆದು, ಎಸ್ಕೇಪ್ ಒತ್ತಿ ಆಮೇಲೆ ಚುಕ್ಕಿ ಒತ್ತುತ್ತಾ ಹೋಗಿ. ಎನ್ ಒತ್ತಿದರೆ ಒಂದನ್ನು ಬಿಟ್ಟು ಮುಂದೆ. ಇದು 2013ರ ವಿಮ್ 7.4ರಿಂದಲೇ ಇದೆ.

ಫೈಲಿನಲ್ಲಿ ಕನ್ನಡ ಇದ್ದರೆ

ನಮ್ಮ ಕಡೆಯ ಕೆಲಸದಲ್ಲಿ ಇದನ್ನು ಬಿಟ್ಟು ಹೋಲಿಕೆ ಮಾಡಲು ಆಗುವುದಿಲ್ಲ. ಮಿಲ್ಲಿನ ಹಮಾಲರಿಗೂ ಓದಲು ಬರುವ ಚೀಟಿ ಬೇಕು ಅಂದರೆ ಬಿಲ್ಲಿನ ಪದಗಳೆಲ್ಲ ಕನ್ನಡದಲ್ಲಿರಬೇಕು. ವಿಮ್ ಓಡುವ ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ಪರದೆಯನ್ನು ಸಮನಾದ ಚೌಕಗಳಾಗಿ ಭಾಗ ಮಾಡಿ, ಚೌಕಕ್ಕೊಂದು ಅಕ್ಷರ ಅಂತ ಬರೆಯುತ್ತದೆ. ಕನ್ನಡದ ಒತ್ತಕ್ಷರ ಆ ಲೆಕ್ಕಕ್ಕೆ ಕೂರುವುದಿಲ್ಲ. ಹೆಚ್ಚಿನ ಟರ್ಮಿನಲ್‌ಗಳಲ್ಲಿ ‘ಅಕ್ಕಿ’ಯಲ್ಲಿನ ಒತ್ತು ಬೇರೆಯಾಗಿ ಕಾಣುತ್ತದೆ, ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಅನ್ನಿಸುತ್ತದೆ. ಇಂಥ ಕಡೆ ಎಲ್, ಎಲ್ ಅಂತ ಕಣ್ಣಳತೆಯಲ್ಲಿ ಸೆಲೆಕ್ಟ್ ಮಾಡಲು ಹೋದರೆ ಕೊಂಬೋ ದೀರ್ಘವೋ ತುಂಡಾಗುತ್ತದೇನೋ ಅನ್ನೋ ಭಯ. ಟೆಕ್ಸ್ಟ್ ಆಬ್ಜೆಕ್ಟ್ ಬಳಸಿದರೆ ಆ ಚಿಂತೆಯೇ ಇಲ್ಲ. ವಿ-ಐ-ಕೋಟ್ ಒತ್ತಿದರೆ ಪರದೆಯ ಮೇಲೆ ಹೇಗೇ ಕಾಣಲಿ, ಎರಡು ಕೋಟ್‌ಗಳ ನಡುವಿನದು ಪೂರ್ತಿ ಬರುತ್ತದೆ.

ಕೀಬೋರ್ಡ್ ವಿಷಯವೂ ಇದೆ. ನುಡಿ ಅಥವಾ ಬೇರೆ ಕನ್ನಡ ಕೀಲಿಮಣೆ ಆನ್ ಆಗಿರುವಾಗ ಎಸ್ಕೇಪ್ ಒತ್ತಿ ವಿ ಒತ್ತಿದರೆ ವಿಮ್‌ಗೆ ತಲುಪುವುದು ಒಂದು ಕನ್ನಡ ಅಕ್ಷರ. ಅದು ಯಾವ ಕಮಾಂಡೂ ಅಲ್ಲ, ಏನೂ ಆಗುವುದಿಲ್ಲ. ಕನ್ನಡ ಟೈಪ್ ಮುಗಿದ ತಕ್ಷಣ ಇಂಗ್ಲಿಷ್‌ಗೆ ಬದಲಿಸಿ, ಆಮೇಲೆ ಎಸ್ಕೇಪ್ ಒತ್ತುವ ರೂಢಿ ಮಾಡಿಕೊಳ್ಳಿ. ಎಷ್ಟೇ ಒಳ್ಳೆಯ ಪ್ಲಗಿನ್ ಹಾಕಿದ್ದರೂ ಇದು ತಪ್ಪಿದ್ದಲ್ಲ.

ಫೈಲ್ ತುಂಬ ಕನ್ನಡವೇ ಇದ್ದರೆ ಟರ್ಮಿನಲ್ ಬಿಡಿ ಅಂತಲೇ ಹೇಳುತ್ತೇನೆ. ವಿಎಸ್ ಕೋಡ್ ಅನ್ನುವ ಎಡಿಟರ್ ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ. ಅದರ ವಿಮ್ ಪ್ಲಗಿನ್ ಹಾಕಿಕೊಂಡರೆ ಮೇಲೆ ಹೇಳಿದ ವಿ-ಐ ಎಲ್ಲ ಅಲ್ಲೂ ನಡೆಯುತ್ತದೆ. ಸೆಲೆಕ್ಟ್ ಆಗಿರುವಾಗ ಎ-ಎಫ್ ಒತ್ತುತ್ತಾ ಹೋದರೆ ಕೋಟ್, ಬ್ರಾಕೆಟ್ ಅಂತ ಹಿಗ್ಗುತ್ತದೆ. ಜಿ-ಬಿ ಒತ್ತಿದರೆ ಅದೇ ಪದ ಮುಂದೆ ಇರುವಲ್ಲಿ ಇನ್ನೊಂದು ಕರ್ಸರ್ ಬರುತ್ತದೆ. ಹಿಗ್ಗಿಸಲು ವಿಎಸ್ ಕೋಡಿನದೇ ಆದ ಶಿಫ್ಟ್-ಆಲ್ಟ್-ಬಲಬಾಣ ಕೂಡ ಇದೆ. 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪಿಗೆ ಮಾತ್ರ ವಿಎಸ್ ಕೋಡ್ ಭಾರ. ಅಲ್ಲಿ ವಿಮ್ ಹಗುರ, ಬ್ಯಾಟರಿಯೂ ಉಳಿಯುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಇದು ಸಣ್ಣ ವಿಷಯವಲ್ಲ.

ಎಡಿಟರ್ ಬದಲಿಸುವುದಾದರೆ

ಹೀಲಿಕ್ಸ್ ಅನ್ನುವ ಎಡಿಟರ್ ಬಗ್ಗೆ ಈಗ ಬಹಳ ಜನ ಕೇಳುತ್ತಾರೆ. ಅದರಲ್ಲಿ ಮೊದಲು ಸೆಲೆಕ್ಟ್ ಮಾಡುವುದು, ಆಮೇಲೆ ಕೆಲಸ ಹೇಳುವುದು. ಡಬ್ಲ್ಯೂ ಒತ್ತಿದರೆ ಪದ ಸೆಲೆಕ್ಟ್ ಆಗಿಯೇ ಇರುತ್ತದೆ, ಎಕ್ಸ್ ಒತ್ತಿದರೆ ಸಾಲು. ಟ್ರೀ-ಸಿಟರ್ ಒಳಗೇ ಇದೆ, ಆಲ್ಟ್-ಓ ಹಿಗ್ಗಿಸುತ್ತದೆ, ಆಲ್ಟ್-ಐ ಕುಗ್ಗಿಸುತ್ತದೆ. ಹಲವು ಕರ್ಸರ್ ಕೂಡ ಒಳಗೇ ಇವೆ. ಏನು ಬದಲಾಗುತ್ತದೆ ಅನ್ನೋದು ಮೊದಲೇ ಕಾಣುವುದರಿಂದ ಹೊಸಬರಿಗೆ ಧೈರ್ಯ ಬರುತ್ತದೆ. ಪ್ಲಗಿನ್ ಜೋಡಿಸುವ ತಲೆನೋವೇ ಬೇಡ ಅನ್ನುವವರಿಗೆ ಇದು ನಿಜಕ್ಕೂ ಚೆನ್ನಾಗಿದೆ. ಆದರೆ ಅದರ ಕೀಗಳು ವಿಮ್‌ಗಿಂತ ಬೇರೆ. ಕಾಲೇಜಿನ ಲ್ಯಾಬಿನಲ್ಲಿ, ಗಿರಾಕಿಯ ಸರ್ವರ್‌ನಲ್ಲಿ ಸಿಗುವುದು ವಿಐ (ವಿಮ್‌ಗೆ ಮೂಲವಾದ ಹಳೆಯ ಎಡಿಟರ್) ಅಥವಾ ವಿಮ್. ಕೆಲಸ ಹುಡುಕುತ್ತಿರುವವರು ಮೊದಲು ವಿಮ್ ಕೈಗೆ ಹತ್ತಿಸಿಕೊಳ್ಳಿ. ಈಮ್ಯಾಕ್ಸ್ ಎಡಿಟರ್ ಬಳಸುವವರಿಗೆ ಎಕ್ಸ್‌ಪಾಂಡ್-ರೀಜನ್ ಅನ್ನುವ ಹಳೆಯ, ನಂಬಬಹುದಾದ ಪ್ಯಾಕೇಜ್ ಇದೆ. ಅದಿದ್ದರೆ ಬೇರೆ ಹುಡುಕಬೇಕಾಗಿಲ್ಲ.

ಲ್ಯಾಬಿನ ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಲು ಅನುಮತಿ ಇಲ್ಲದವರಿಗೂ ದಾರಿಯಿದೆ. 2016ರ ವಿಮ್ 8ರಿಂದ ಪ್ಲಗಿನ್ ಮ್ಯಾನೇಜರ್ ಬೇಕಾಗಿಲ್ಲ. ನಿಮ್ಮದೇ ಹೋಮ್ ಫೋಲ್ಡರಿನ ವಿಮ್ ಫೋಲ್ಡರ್ ಒಳಗೆ ಪ್ಯಾಕ್ ಅನ್ನುವ ಫೋಲ್ಡರ್, ಅದರೊಳಗೆ ಬೇಕಾದ ಹೆಸರಿನ ಒಂದು ಫೋಲ್ಡರ್, ಅದರೊಳಗೆ ಸ್ಟಾರ್ಟ್. ಅಲ್ಲಿ ಟಾರ್ಗೆಟ್ಸ್ ಫೋಲ್ಡರನ್ನು ಇಟ್ಟರೆ ಸಾಕು.

ಒಟ್ಟಿನಲ್ಲಿ ನಾನು ಜೋಡಿಸಿಕೊಡುವುದು ಹೀಗೆ: ವಿದ್ಯಾರ್ಥಿಗಳಿಗೆ ಬರೀ ವಿಮ್, ಒಂದು ತಿಂಗಳ ಮೇಲೆ ಟಾರ್ಗೆಟ್ಸ್. ದಿನವಿಡೀ ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಬರೆಯುವವರಿಗೆ ನಿಯೋವಿಮ್, ಮಿನಿ-ಎಐ, ಫ್ಲ್ಯಾಶ್. ಕನ್ನಡದ ಪಠ್ಯ ಜಾಸ್ತಿ ಇದ್ದರೆ ವಿಎಸ್ ಕೋಡ್ ಮತ್ತು ವಿಮ್ ಪ್ಲಗಿನ್. ಫ್ಲ್ಯಾಶ್ ಹಾಕುವವರು ಒಂದು ಎಚ್ಚರ ವಹಿಸಿ. ವಿಮ್-ಸರೌಂಡ್ ನಿಮ್ಮಲ್ಲಿ ಮೊದಲೇ ಇದ್ದರೆ, ಸೆಲೆಕ್ಟ್ ಮಾಡಿದ್ದಕ್ಕೆ ಬ್ರಾಕೆಟ್ ಸುತ್ತಲು ಅದೂ ದೊಡ್ಡ ಎಸ್ ಕೀಯನ್ನೇ ಕೇಳುತ್ತದೆ. ಎರಡರ ಜಗಳದಲ್ಲಿ ಒಂದು ಸುಮ್ಮನಾಗುತ್ತದೆ. ಸೆಲೆಕ್ಷನ್ ಇರುವಾಗ ದೊಡ್ಡ ಎಸ್ ಸರೌಂಡ್‌ಗೇ ಇರಲಿ. ಫ್ಲ್ಯಾಶ್‌ನ ಗುರುತುಗಳಿಗೆ ಆ ಮೋಡ್‌ನಲ್ಲಿ ಬೇರೆ ಕೀ ಕೊಡಿ, ನಾನು ಕೊಟ್ಟಿರುವುದು ದೊಡ್ಡ ಆರ್ ಕೀ.